ಹಲ್ಲಿನ ಸಂದಿಯ ಹುಳುಕು ಮತ್ತು ಮೂರು ಬಗೆಯ ಫಿಲ್ಮು

“ಡಾಕ್ಟ್ರೇ, ಮಗಳಿಗೆ ಎಕ್ಸ್‌ರೇ ಬೇಡ. ಹುಳುಕಿದ್ದರೆ ಕನ್ನಡಿಯಲ್ಲೇ ಕಾಣುವುದಿಲ್ಲವಾ?” ಮುಂಬೈಯ ಮಾಟುಂಗದ ನನ್ನ ಕ್ಲಿನಿಕ್ಕಿನಲ್ಲಿ ಕುಂದಾಪುರ ಕಡೆಯ ತಾಯಿಯೊಬ್ಬರು ಕೇಳಿದರು. ಹುಡುಗಿಗೆ 14 ವರ್ಷ. ನ್ಯಾಯವಾದ ಪ್ರಶ್ನೆ.

ಅಕ್ಕಪಕ್ಕದ ದವಡೆ ಹಲ್ಲುಗಳು ಒಂದಕ್ಕೊಂದು ತಾಗುವ ಜಾಗದ ಕೆಳಗೇ ಹುಳುಕು ಶುರುವಾಗುತ್ತದೆ. ಅಲ್ಲಿಗೆ ಕನ್ನಡಿ ಹೋಗದು. ಅದಕ್ಕೇ ಬೈಟ್‌ವಿಂಗ್ ಫಿಲ್ಮು. ಅದರ ಪುಟ್ಟ ರೆಕ್ಕೆಯನ್ನು ಕಚ್ಚಿ ಹಿಡಿದರೆ ಮೇಲಿನ, ಕೆಳಗಿನ ಹಲ್ಲುಗಳೆರಡೂ ಒಂದೇ ಚಿತ್ರದಲ್ಲಿ ಬರುತ್ತವೆ. ಅಮೆರಿಕದ ಹೊವರ್ಡ್ ರೇಪರ್ ಇದನ್ನು ಬಳಕೆಗೆ ತಂದದ್ದು 1925ರಲ್ಲಿ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜವೇ. ಆಮ್ಲಕ್ಕೆ ಅದು ಕರಗಿದಲ್ಲಿ ಕಿರಣ ಹೆಚ್ಚು ನುಗ್ಗಿ ಫಿಲ್ಮು ಕಪ್ಪಾಗುತ್ತದೆ. ಆದರೆ ಶೇಕಡಾ 30-40ರಷ್ಟು ಖನಿಜ ಹೋಗುವ ತನಕ ಆ ನೆರಳು ಕಣ್ಣಿಗೆ ಬೀಳದು. ನಿಜವಾದ ಹುಳುಕು ಚಿತ್ರದಲ್ಲಿ ಕಂಡದ್ದಕ್ಕಿಂತ ಮುಂದೆ ಹೋಗಿರುತ್ತದೆ.

ಫಿಲ್ಮಿನಲ್ಲಿ ಡಿ, ಇ, ಎಫ್ ಎಂಬ ವೇಗಗಳಿವೆ; ವೇಗ ಹೆಚ್ಚಿದಷ್ಟೂ ಕಮ್ಮಿ ಕಿರಣ ಸಾಕು. ಇ ಬಂದದ್ದು 1981ರಲ್ಲಿ, ಎಫ್ 2000ದಲ್ಲಿ. ಡಿಗೆ ಬೇಕಾದ ಕಿರಣದ ಅರ್ಧದಷ್ಟು ಇಗೆ ಸಾಕು. ಎಫ್‌ಗೆ ಇನ್ನೂ ಕಮ್ಮಿ, ಡಿಗಿಂತ ಸುಮಾರು ಶೇಕಡಾ 60ರಷ್ಟು ಉಳಿತಾಯ. ಗುಟ್ಟು ಫಿಲ್ಮಿಗೆ ಬಳಿದ ಬೆಳ್ಳಿ ಬ್ರೋಮೈಡಿನ ಹರಳುಗಳ ಆಕಾರದಲ್ಲಿದೆ. ಭತ್ತ ಕುಟ್ಟಿ ಅವಲಕ್ಕಿ ಮಾಡಿದರೆ ಅದೇ ಕಾಳು ಹೆಚ್ಚು ಜಾಗ ಹರಡಿಕೊಳ್ಳುವುದಿಲ್ಲವೇ? ಹಾಗೆ ಚಪ್ಪಟೆಯಾದ ಹರಳು ಅಷ್ಟೇ ಬೆಳ್ಳಿಯಲ್ಲಿ ಹೆಚ್ಚು ಕಿರಣ ಹಿಡಿಯುತ್ತದೆ.

“ಡಿಯಷ್ಟು ಸ್ಪಷ್ಟ ಯಾವುದೂ ಇಲ್ಲ” ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಕಿತ್ತ ಹಲ್ಲುಗಳನ್ನು ಮೂರೂ ಫಿಲ್ಮುಗಳಲ್ಲಿ ತೆಗೆದು, ಆಮೇಲೆ ಅವೇ ಹಲ್ಲುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ತಾಳೆ ನೋಡಿದ ಅಧ್ಯಯನಗಳಲ್ಲಿ ಸಂದಿಯ ಹುಳುಕು ಪತ್ತೆಹಚ್ಚುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ.

ಹಾಗಾದರೆ ನನ್ನ ಎಫ್ ಚಿತ್ರಗಳು ಮಂಕಾಗಿದ್ದದ್ದೇಕೆ? ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದೆ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿಯಲ್ಲಿದ್ದರೆ ಫಿಲ್ಮಿಗೆ 5 ನಿಮಿಷ ಬೇಕು. ಮುಂಬೈಯ ಮೇ ತಿಂಗಳಲ್ಲಿ ಆ ಡಬ್ಬಿ 30 ದಾಟಿರುತ್ತಿತ್ತು. ನಾನು ಕಣ್ಣಂದಾಜಿನಲ್ಲಿ, ಕಪ್ಪಾಯಿತು ಅನ್ನಿಸಿದ ಕೂಡಲೇ ಎತ್ತಿಬಿಡುತ್ತಿದ್ದೆ. ಮೇಲಿನ ಹಳದಿ ದೀಪ ಡಿ ಫಿಲ್ಮಿಗೆ ಸರಿ; ಎಫ್‌ಗೆ ಅದೇ ಬೆಳಕು ಮಬ್ಬು ಬಳಿಯುತ್ತದೆ. ಕೆಂಪು ದೀಪ ಹಾಕಿ, ಡಬ್ಬಿಗೊಂದು ಥರ್ಮಾಮೀಟರ್ ಇಳಿಬಿಟ್ಟು, ಡೆವಲಪರ್ ಡಬ್ಬಿಯ ಸುತ್ತ ಐಸ್ ನೀರಿಟ್ಟ ಮೇಲೆ ಚಿತ್ರ ತಿಳಿಯಾಯಿತು. ಅಷ್ಟು ದಿನ ಡಿಯನ್ನೇ ನಂಬಿ ನನ್ನ ರೋಗಿಗಳಿಗೆ ಬೇಡದ ಕಿರಣ ಕೊಟ್ಟೆನಲ್ಲಾ ಎಂಬ ನೋವು ಈಗಲೂ ಇದೆ.

ಆ ತಾಯಿಗೆ ಲೆಕ್ಕ ಹೇಳಿದೆ: ಎಫ್ ಫಿಲ್ಮು, ಫಿಲ್ಮಿನಷ್ಟೇ ಅಗಲದ ಆಯತಾಕಾರದ ಕೊಳವೆ ಬಳಸಿದರೆ ನಾಲ್ಕು ಚಿತ್ರಗಳಿಗೆ ಒಟ್ಟು ಸುಮಾರು 5 ಮೈಕ್ರೋಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ); ನೆಲ, ಗಾಳಿ, ಆಕಾಶದಿಂದ ದಿನಾ ಸರಾಸರಿ 6-7 ನಮ್ಮ ಮೈಗೆ ಬೀಳುತ್ತಲೇ ಇರುತ್ತದೆ. ಅವರು ಒಪ್ಪಿದರು. ಎಡ ಕೆಳದವಡೆಯ ಸಂದಿಯಲ್ಲಿ, ಎನಾಮಲ್‌ನ ಹೊರಭಾಗದಲ್ಲಷ್ಟೇ, ಎಳ್ಳುಕಾಳಿನಷ್ಟು ನೆರಳು. ಡ್ರಿಲ್ ಮುಟ್ಟಲಿಲ್ಲ. ಫ್ಲೋರೈಡ್ ಹಚ್ಚಿ, ದಾರ ಆಡಿಸುವುದನ್ನು ಹುಡುಗಿಗೆ ಕಲಿಸಿ, ಫಿಲ್ಮನ್ನು ಲಕೋಟೆಗೆ ಹಾಕಿ ಮೇಲೆ ತಾರೀಕು ಬರೆದಿಟ್ಟೆ.