ಬೂದಿಯಲ್ಲಿ ದನ, ಮಣ್ಣಿನಲ್ಲಿ ಹುರುಳಿ: ಬಳ್ಳಾರಿ-ರಾಯಚೂರಿನ ನವಶಿಲಾಯುಗದ ಗುಡ್ಡಗಳು

ಸಂಗನಕಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ ಮೂರೂ ಬಂಡೆಗುಡ್ಡದ ಊರುಗಳು. ದಕ್ಷಿಣ ಭಾರತದ ನವಶಿಲಾಯುಗದ ಕಾಲ ಸುಮಾರು ಕ್ರಿ.ಪೂ. 3000ದಿಂದ 1200. ಆ ಕಾಲದ ಕುರುಹುಗಳನ್ನು ಓದುವಾಗ ಹೆಚ್ಚಿನವರು ಎಡವುವುದು ಬೂದಿಗುಡ್ಡದಲ್ಲೇ, ಅಂದರೆ ಬೂದಿ ಒಟ್ಟಿಕೊಂಡ ದಿಬ್ಬದಲ್ಲೇ. ಅಲ್ಲಿಂದಲೇ ಶುರುಮಾಡೋಣ.

ಬಳ್ಳಾರಿ-ಹೊಸಪೇಟೆ ದಾರಿಯ ಕುಡತಿನಿ ಬೂದಿಗುಡ್ಡ ಜನ ಹೇಳುವ ಹಾಗೆ ರಾಕ್ಷಸರನ್ನು ಸುಟ್ಟ ಬೂದಿಯಲ್ಲ, ಜ್ವಾಲಾಮುಖಿಯದೂ ಅಲ್ಲ. ಅದು ದೊಡ್ಡಿಯಲ್ಲಿ ಒಟ್ಟಿದ ಸಗಣಿ, ಮತ್ತೆಮತ್ತೆ ಸುಟ್ಟದ್ದು. ಹುಲ್ಲು ಮೇಯ್ದ ದನದ ಸಗಣಿಯಲ್ಲಿ ಸಿಲಿಕಾ ಇರುತ್ತದೆ. ಹೆಚ್ಚಿನ ಶಾಖದಲ್ಲಿ ಅದು ಬೂದಿಯ ಕ್ಷಾರದೊಡನೆ ಸೇರಿ ಕರಗಿ ಗಾಜಿನಂಥ ಕಿಟ್ಟವಾಗುತ್ತದೆ. ಇದನ್ನು ಕಬ್ಬಿಣದ ಕಿಟ್ಟವೆಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಕೈಯಲ್ಲಿ ಹಿಡಿದು ನೋಡಿ: ಸಗಣಿಯ ಕಿಟ್ಟ ಹಗುರ, ತೂತುತೂತು, ಕಬ್ಬಿಣದ್ದು ಭಾರ, ತುಕ್ಕಿನ ಬಣ್ಣ. ನೋಡಿದ ಮೇಲೆ ಅಲ್ಲೇ ಇಟ್ಟುಬಿಡಿ.

ಆದರೆ ಬೂದಿ ಹೆಚ್ಚಾಗಿ ದನದ ಮಾತನ್ನೇ ಹೇಳುತ್ತದೆ. ಬೇಸಾಯ ತಿಳಿಯಬೇಕಾದರೆ ಮನೆಗಳಿದ್ದ ಜಾಗದ ಮಣ್ಣನ್ನು ನೀರಿಗೆ ಹಾಕಿ ಅದರಲ್ಲಿನ ಸುಟ್ಟ ಕಾಳನ್ನು ತೇಲಿಸಬೇಕು. ಅಗೆತ ಅನುಮತಿ ಪಡೆದವರ ಕೆಲಸ, ವಿಧಾನ ಮಾತ್ರ ಎಲ್ಲರಿಗೂ ಗೊತ್ತಿರಲಿ. ಪದರಕ್ಕೊಂದರಂತೆ 10-20 ಲೀಟರ್ ಮಣ್ಣು ತೆಗೆದು, ಬಕೆಟ್ ನೀರಿಗೆ ಹಾಕಿ, ಮೆಲ್ಲಗೆ ಕಲಕಿ, ಮೇಲೆ ತೇಲಿದ್ದನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿ, ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಕಾಳು ಬಿರಿಯುತ್ತದೆ. ಜರಡಿಯ ಕಣ್ಣು ಅರ್ಧ ಮಿಲಿಮೀಟರಿಗಿಂತ ದೊಡ್ಡದಾದರೆ ಸಣ್ಣ ಕಾಳುಗಳು ಜಾರಿಹೋಗುತ್ತವೆ. ಆಗ ಹುರುಳಿಯಂಥ ದಪ್ಪ ಕಾಳನ್ನಷ್ಟೇ ಬೆಳೆದರೆಂಬ ತಪ್ಪು ಚಿತ್ರ ಉಳಿಯುತ್ತದೆ. ಕಪ್ಪಾಗಿ ಸುಟ್ಟ ಕಾಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಇರುವೆಗಳು ಇಂದಿನ ಬೀಜವನ್ನೂ ಆಳಕ್ಕೆ ಒಯ್ಯುತ್ತವೆ.

ಹೀಗೆ ಸಿಕ್ಕವು ಹುರುಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ. ಎಲ್ಲವೂ ಮಳೆಗಾಲದ ಬೆಳೆ, ಈ ಸೀಮೆಯ ಮಳೆಗೆ ತಕ್ಕವು. ಗೋಧಿ, ಜವೆ ಹೊರಗಿನಿಂದ ಬಂದ ಚಳಿಗಾಲದ ಬೆಳೆಗಳು. ಅವು ಕಡಿಮೆ, ಬಂದದ್ದೂ ತಡವಾಗಿ.

ಗುಡ್ಡದ ಮೇಲೆ ಬಂಡೆಗಳ ನಡುವೆ ಕಲ್ಲೊಡ್ಡು ಕಟ್ಟಿ ಮಾಡಿದ ಮಟ್ಟಸ ಜಾಗಗಳಿವೆ. ಒಡ್ಡಿನ ನೋಟದಿಂದಲೇ ಕಾಲ ಹೇಳಬೇಡಿ. ಕುರಿಗಾಹಿ ನಿನ್ನೆ ಕಟ್ಟಿದ ಗೋಡೆಯೂ ಹಾಗೇ ಕಾಣುತ್ತದೆ. ಅದರ ತಳದ ಮಣ್ಣಿನಲ್ಲಿ ಸಿಕ್ಕ ಮಡಕೆಚೂರೋ ಸುಟ್ಟ ಕಾಳೋ ಒಡ್ಡು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳುತ್ತದೆ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಕರಿಕಲ್ಲಿನ ಚಕ್ಕೆ ರಾಶಿ ಬಿದ್ದಿದೆ: ಒಡೆದು, ಕುಟ್ಟಿ, ಬಂಡೆಯ ಮೇಲೆ ಉಜ್ಜಿ ಕೊಡಲಿ ಮಾಡುತ್ತಿದ್ದ ಜಾಗ. ಉಜ್ಜಿದ ಗುಳಿಗಳು ನುಣುಪಾಗಿ ಇನ್ನೂ ಇವೆ.

ಕಲ್ಲುಗಣಿ ಈ ಗುಡ್ಡಗಳನ್ನು ಕಡಿಯುತ್ತಿದೆ, ಬೂದಿ ಹೊಲಗಳಿಗೆ ಗೊಬ್ಬರವಾಗಿ ಹೋಗಿದೆ. ಹೋದಾಗ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಚಕ್ಕೆಯೊಂದನ್ನೂ ಜೇಬಿಗೆ ಹಾಕಬೇಡಿ: ಜಾಗ ಬಿಟ್ಟ ಚಕ್ಕೆ ಬರೀ ಕಲ್ಲು.