ಪೇಂಟಿಗಿಂತ ಮೊದಲು ನೀರಿನ ದಾರಿ ನೋಡಿ

ಹಳೆಯ ಮಾರುತಿ 800 ತಗೊಂಡು ಮನೆಯಂಗಳದಲ್ಲೇ ರಿಪೇರಿ ಕಲಿಯಬೇಕು ಅಂತ ನಮ್ಮ ವರ್ಕ್‌ಶಾಪಿಗೆ ಬರುವ ಹುಡುಗರು ಈಗ ಜಾಸ್ತಿ. ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆಯ ಕಾರು ಇಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದದ್ದು 2014ರವರೆಗೂ ತಯಾರಾಗುತ್ತಿತ್ತು, ಹಾಗಾಗಿ ಸ್ಪೇರ್ ಪಾರ್ಟ್ ಹುಡುಕಿದರೆ ಸಿಗುತ್ತದೆ. 796 ಸಿಸಿ, ಮೂರು ಸಿಲಿಂಡರ್, ಬಾನೆಟ್ ತೆಗೆದರೆ ಕೈ ಹಾಕಲು ಜಾಗ ಇದೆ. 10, 12, 14, 17ರ ಸ್ಪ್ಯಾನರ್ ಇದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ.

ಬಂದವರು ಕೇಳುವುದು ಮಾತ್ರ ಎರಡೇ ಪ್ರಶ್ನೆ. ಎಂಜಿನ್ ಯಾವಾಗ ಬಿಚ್ಚುವುದು? ಪೇಂಟ್ ಯಾವುದು ಹೊಡೆಸುವುದು? ಎರಡನ್ನೂ ಬದಿಗಿಡಿ, ಒಂದು ಬಕೆಟ್ ನೀರು ತನ್ನಿ ಅನ್ನುತ್ತೇನೆ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಉಪ್ಪಳ, ಕುಂಬಳೆ, ಮೊಗ್ರಾಲಿನ ಕಡೆ ಅದರ ಜೊತೆಗೆ ಕಡಲ ಗಾಳಿ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಉಪ್ಪು ಸೇರಿದರೆ ಆ ಕೆಲಸ ಇನ್ನೂ ಬೇಗ ಆಗುತ್ತದೆ. ಒಳನಾಡಿನ ಬದಿಯಡ್ಕ, ಮುಳ್ಳೇರಿಯದವರು ನಮಗೆ ಉಪ್ಪಿನ ಕಾಟ ಇಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಚಕ್ರದ ಮೇಲಿನ ಕಮಾನಿಗೆ ಮೆತ್ತಿಕೊಂಡ ಕೆಂಪುಮಣ್ಣು ಮಳೆ ನಿಂತ ಮೇಲೂ ಎಷ್ಟೋ ದಿನ ಒದ್ದೆಯಾಗಿಯೇ ಇರುತ್ತದೆ. ಮಾಲಿಕರು ಗಲ್ಫಿನಲ್ಲಿ, ಕಾರು ಇಲ್ಲಿ ಮರದಡಿ, ಇದೂ ನಮ್ಮೂರಿನ ಮಾಮೂಲಿ ಕಥೆ ಅಲ್ವಾ? ಓಡದೆ ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ.

ಈಗ ಬಕೆಟಿನ ಕೆಲಸ. ಬಾಗಿಲಿನ ಗಾಜಿನ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಬಾಗಿಲೊಳಗೆ ನೀರು ಹೋಗಲೇಬಾರದು ಅಂತ ಹಲವರು ತಿಳಿದಿದ್ದಾರೆ. ಗಾಜಿನ ಅಂಚಿನ ರಬ್ಬರ್ ಪಟ್ಟಿ (ಬೀಡಿಂಗ್) ಹೊಸದಿದ್ದರೂ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಂಚಿನಲ್ಲಿ ಸಣ್ಣ ತೂತುಗಳಿವೆ. ಬಗ್ಗಿ ನೋಡಿ. ಸುರಿದ ನೀರು ಅಲ್ಲಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಒಳಗೆ ಕಸ, ಮಣ್ಣು ಕಟ್ಟಿದೆ ಅಂತ ಅರ್ಥ. ಮರದ ಕಡ್ಡಿಯಿಂದ ಮೆಲ್ಲಗೆ ಬಿಡಿಸಿದರೆ ಕಪ್ಪು ರಾಡಿ ಸುರಿಯುತ್ತದೆ. ಅಷ್ಟು ದಿನವೂ ಬಾಗಿಲಿನ ತಗಡು ಅದರಲ್ಲೇ ನೆನೆಯುತ್ತಿತ್ತು. ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬುವ ಜಾಗಕ್ಕೂ ಹೀಗೇ ನೀರು ಹಾಕಿ. ಆಮೇಲೆ ಮ್ಯಾಟ್ ಎತ್ತಿ, ಕಾಲಿಡುವ ಜಾಗವನ್ನು ಕೈಯಿಂದ ಮುಟ್ಟಿ ನೋಡಿ. ಒದ್ದೆ ಇದ್ದರೆ ನೀರು ಒಳಗೆ ಇಳಿಯುತ್ತಿದೆ ಅಂತ ಅರ್ಥ.

ಪೇಂಟಿನಲ್ಲಿ ಸಣ್ಣ ಗುಳ್ಳೆ ಕಂಡರೆ ಅದು ಬಹಳ ಸಲ ಒಳಗಿನಿಂದ ಬಂದ ತುಕ್ಕು. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಬಾಡಿ ಮೇಲೆ ಎಳೆದುಕೊಂಡು ಹೋಗಿ. ಎಲ್ಲಿ ಅದು ಅಂಟುವುದಿಲ್ಲವೋ ಅಲ್ಲಿ ತಗಡಿನ ಮೇಲೆ ದಪ್ಪ ಪುಟ್ಟಿ, ಅಂದರೆ ತಗ್ಗು-ತೂತು ಮುಚ್ಚಲು ಮೆತ್ತುವ ಪೇಸ್ಟ್, ಇದೆ. ಹೊಳೆಯುವ ಕಾರು ಅಂತ ಹೆಚ್ಚು ದುಡ್ಡು ಕೊಟ್ಟು ತಂದ ಎಷ್ಟೋ ಗಾಡಿಗಳ ಬಾಗಿಲಿನ ಬುಡ ಪೂರ್ತಿ ಪುಟ್ಟಿಯೇ ಆಗಿರುತ್ತದೆ. ಪುಟ್ಟಿ ತೇವ ಹೀರುತ್ತದೆ. ಒಂದು ಮಳೆಗಾಲ ಕಳೆಯುವಾಗ ಮತ್ತೆ ಗುಳ್ಳೆ. ತುಕ್ಕಿನ ಮೇಲೆಯೇ ಕಾರಿನ ಅಡಿಗೆ ಹಚ್ಚುವ ಕಪ್ಪು ಅಂಡರ್‌ಕೋಟಿಂಗ್ ಬಳಿಯುವುದಂತೂ ಇನ್ನೂ ಕೆಟ್ಟದ್ದು. ತೇವ ಒಳಗೇ ಉಳಿದು, ಕಣ್ಣಿಗೆ ಕಾಣದ ಹಾಗೆ ತಗಡನ್ನು ತಿನ್ನುತ್ತದೆ. ವೈರ್ ಬ್ರಶ್ ಹಿಡಿದು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಆಮೇಲೆ ಮೇಲಿನ ಕೋಟ್. ತೂತಾಗಿದ್ದರೆ ಆ ತುಂಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಆ ಕೆಲಸ ಗೊತ್ತಿದ್ದವರಿಗೆ ಕೊಡಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಿಸಲು ಮರೆಯಬೇಡಿ, ನೆಗೆಟಿವ್ ಮೊದಲು.

ಅಡಿ ನೋಡಲು ಕಾರು ಎತ್ತುವಾಗ ನನಗೆ ನಿಜವಾಗಿ ಭಯ ಹುಟ್ಟಿಸುವ ಒಂದು ಅಭ್ಯಾಸ ನಮ್ಮಲ್ಲಿದೆ. ಜಾಕ್ ಕೊಟ್ಟು, ಅಂಗಳದಲ್ಲಿ ಬಿದ್ದಿರುವ ಮುರಕಲ್ಲು ಇಟ್ಟು ಒಳಗೆ ನುಗ್ಗುತ್ತಾರೆ. ಮನೆ ಕಟ್ಟುವ ಕಲ್ಲು, ಗಟ್ಟಿ ಅಂತ ನಂಬಿಕೆ. ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ, ಇಲ್ಲಿ ಚಾಸಿಯ ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ. ಒದ್ದೆಯಾದ ಮುರಕಲ್ಲು ಇನ್ನೂ ಮೆತ್ತಗೆ. ಅದು ಮುನ್ಸೂಚನೆ ಕೊಡದೆ ಸೀಳುತ್ತದೆ. ಪೊಳ್ಳು ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ಮೊದಲ ದುಡ್ಡು ಎತ್ತಿದ ಕಾರನ್ನು ಹೊರುವ ಕಬ್ಬಿಣದ ಒಂದು ಜೊತೆ ಆಕ್ಸಲ್ ಸ್ಟ್ಯಾಂಡಿಗೆ ಹಾಕಿ, ಸ್ಪೀಕರ್ ಆಮೇಲೆ ತಗೊಳ್ಳಿ. ಕೆಳಗಿನ ನೆಲ ಗಟ್ಟಿಯಾಗಿರಲಿ, ಚಕ್ರ ಉರುಳದ ಹಾಗೆ ಅಡ್ಡ ಕಟ್ಟೆ ಇರಲಿ.

ನೀರಿಗೆ ಇನ್ನೊಂದು ದಾರಿ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ಮಡಿಕೇರಿಗೆ ಹೋಗಿ ಬರುವವರು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತು ಬರುತ್ತದೆ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಚಕ್ರದ ಬ್ರೇಕ್ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ಕಟ್ಟೆ ಕೊಡಿ. ತುಕ್ಕು ತೆಗೆದು ಪ್ರೈಮರ್ ಹೊಡೆಯುವ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸರಿ. ಉಜ್ಜಿದ ತಗಡನ್ನು ರಾತ್ರಿಯ ಇಬ್ಬನಿಗೆ ಬಿಡದೆ, ಅದೇ ದಿನ ಪ್ರೈಮರ್ ಮುಗಿಸಿ.