ಮಲೆನಾಡಿನ ದ್ರಾಕ್ಷಿ ಚಪ್ಪರಕ್ಕೆ ಕತ್ತರಿ ಯಾವಾಗ?

"ಬಳ್ಳಿ ಚಪ್ಪರದ ತುಂಬಾ ಹಬ್ಬಿದೆ ಸಾರ್, ಗೊನೆ ಮಾತ್ರ ನಾಲ್ಕೇ ನಾಲ್ಕು." ತೀರ್ಥಹಳ್ಳಿ, ಹೊಸನಗರ ಕಡೆಯ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಯಾವ ಗೊಬ್ಬರ ಹಾಕಲಿ ಅನ್ನುವುದು ಮುಂದಿನ ಪ್ರಶ್ನೆ. ಗೊಬ್ಬರ ಆಮೇಲೆ, ಬೇಸಿಗೆಯಲ್ಲಿ ಕತ್ತರಿ ಹಾಕಿದ್ದು ಯಾವಾಗ ಅಂತ ನಾನು ಕೇಳುತ್ತೇನೆ.

ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಸಲ ಸವರಬೇಕು, ಅಂದರೆ ಕಡ್ಡಿ ಕತ್ತರಿಸಬೇಕು. ಬೇಸಿಗೆಯದು ಹೊಸ ಕಡ್ಡಿಗೆ, ಅಕ್ಟೋಬರಿನದು ಹಣ್ಣಿಗೆ. ಆದರೆ ಗೊನೆ ಬರುತ್ತದೋ ಇಲ್ಲವೋ ಅನ್ನುವುದು ಬೇಸಿಗೆಯಲ್ಲಿ ಸವರಿದ ಸುಮಾರು 40ರಿಂದ 60 ದಿನದೊಳಗೆ, ಹೊಸ ಕಡ್ಡಿಯ ಕಣ್ಣಿನಲ್ಲೇ, ಅಂದರೆ ಚಿಗುರು ಬರುವ ಮೊಗ್ಗಿನಲ್ಲೇ, ತೀರ್ಮಾನ ಆಗಿರುತ್ತದೆ. ಆಗ ಬಿಸಿಲು ಬೇಕೇ ಬೇಕು. ವಿಜಯಪುರದವರು ಏಪ್ರಿಲ್ ಪೂರ್ತಿ ಸವರುತ್ತಾ ಕೂತರೂ ನಡೆಯುತ್ತದೆ. ನಾವು ಏಪ್ರಿಲ್ ಕೊನೆಗೆ ಸವರಿದರೆ ಆ ದಿನಗಳು ಸರಿಯಾಗಿ ಜೂನಿನ ಮೋಡಕ್ಕೆ ಸಿಗುತ್ತವೆ. ಗೊನೆಯಾಗಬೇಕಿದ್ದದ್ದು ಬರೀ ಕುಡಿಬಳ್ಳಿಯಾಗುತ್ತದೆ. ಅದಕ್ಕೇ ಕೊಯ್ಲು ಮುಗಿದು ಒಂದೆರಡು ವಾರ ಬಳ್ಳಿಗೆ ಬಿಡುವು ಕೊಟ್ಟು, ಮಾರ್ಚ್ ಮುಗಿಯುವುದರೊಳಗೆ ಕತ್ತರಿ ಹಾಕಿ. ಒಂದೆರಡು ಕಣ್ಣು ಬಿಟ್ಟು ಉಳಿದದ್ದನ್ನು ಧೈರ್ಯವಾಗಿ ತೆಗೆಯಿರಿ. ಮಲೆನಾಡಿನವರಿಗೆ ಹಸಿರು ಕಡಿಯಲು ಕೈ ಬರುವುದಿಲ್ಲ, ಏನು ಮಾಡೋಣ!

ತಳಿಯ ವಿಷಯದಲ್ಲಿ ಜಾಸ್ತಿ ಯೋಚಿಸಬೇಡಿ. ಶಿರಾಜ್, ಕ್ಯಾಬರ್ನೆ ಅಂತ ಯುರೋಪಿನ ತಳಿ ತಂದರೆ ನಮ್ಮ ಮಳೆಗೆ ತಡೆಯುವುದಿಲ್ಲ. ಬೆಂಗಳೂರು ನೀಲಿ ತಳಿಯಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ, ಗಟ್ಟಿ ಬಳ್ಳಿ. ಅದನ್ನೇ ಬ್ಲ್ಯಾಕ್ ಚಂಪಾ ಅನ್ನುವ ತಳಿ ಜೊತೆ ಸೇರಿಸಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ ಅರ್ಕಾ ಶ್ಯಾಮ್ ತಳಿ ಚಿಬ್ಬು ರೋಗ (ಆಂಥ್ರಾಕ್ನೋಸ್) ತಡೆಯುತ್ತದೆ, ವೈನಿಗೂ ಆಗುತ್ತದೆ. ನನ್ನ ಓಟು ಅದಕ್ಕೆ.

ಗಟ್ಟಿ ತಳಿ ಅಂದರೂ ಔಷಧಿ ತಪ್ಪುವುದಿಲ್ಲ. ಎಲೆ ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಮಚ್ಚೆ ಕಂಡರೆ ತಿರುಗಿಸಿ ನೋಡಿ. ಅಡಿಯಲ್ಲಿ ಬಿಳಿ ಬೂಷ್ಟು ಇದ್ದರೆ ಬೂಜು ರೋಗ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ (ತಾಮ್ರದ ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಸಾಕು. ಅದು ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, ಇದೇ ರೋಗಕ್ಕೆ. ಅಡಿಕೆಗೆ ಬಂದದ್ದು ಆಮೇಲೆ. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಮಾತ್ರ ತಾಮ್ರದ್ದು, ಗಂಧಕದ್ದು ಎರಡೂ ಔಷಧಿ ನಿಲ್ಲಿಸಿಬಿಡಿ. ಹಣ್ಣಿನ ಮೇಲೆ ತಾಮ್ರ ಉಳಿದರೆ ವೈನ್ ಮಾಡುವಾಗ ರಸ ಹುಳಿ ಬರುವುದು (ಹುದುಗುವುದು) ನಿಧಾನ. ಗಂಧಕ ಉಳಿದರೆ ವೈನಿಗೆ ಕೊಳೆತ ಮೊಟ್ಟೆಯ ವಾಸನೆ.

ಫೆಬ್ರವರಿಯಲ್ಲಿ ಗೊನೆ ಕಪ್ಪಾದ ಕೂಡಲೇ ಕೊಯ್ಯಬೇಡಿ. ಬೆಂಗಳೂರು ನೀಲಿಗೆ ಬಣ್ಣ ಮೊದಲು, ಸಿಹಿ ಆಮೇಲೆ. ಹಣ್ಣು ಹಿಸುಕಿ ಬೀಜ ನೋಡಿ: ಹಸಿರಿದ್ದರೆ ಕಾಯಿರಿ, ಕಂದಾಗಿದ್ದರೆ ಸರಿ. ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ 18 ಬ್ರಿಕ್ಸ್ (ಸಿಹಿಯ ಅಳತೆ) ಬಂದರೆ ವೈನಿನಲ್ಲಿ ಸುಮಾರು ಶೇ. 10 ಆಲ್ಕೋಹಾಲ್ ಆಗುತ್ತದೆ. ಅದಕ್ಕಿಂತ ಕಡಿಮೆ ಇದ್ದರಷ್ಟೇ ಸಕ್ಕರೆ ಸೇರಿಸಿ. ಪಾಕದ ಹಾಗೆ ಸುರಿಯುವವರ ವೈನ್ ನಾನು ಕುಡಿದಿದ್ದೇನೆ, ಅದು ಕೆಮ್ಮಿನ ಸಿರಪ್ಪು.

ಹಾಂ, ಹುಳಿ ಬರುವಾಗ ಜಾಡಿಯ ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ತುಂಬಿ ಒಡೆಯುತ್ತದೆ. ಮನೆಯಲ್ಲಿ ವೈನ್ ಮಾಡುವ ಬಗ್ಗೆ ನಿಯಮ ಏನಿದೆ ಅಂತ ಅಬಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.